ಫೋನ್ ಮಾಡಿದವರಿಗೆ ಥ್ಯಾಂಕ್ಸ್

ರ್‍ಯಾಪಿಡ್ ರೆಸ್ಪಾನ್ಸ್ ನರ್ಸ್ ಆಗಿ ಈ ತಿಂಗಳಿಗೆ ನನಗೆ ಐದು ವರ್ಷ ತುಂಬಿತು. ಹೊಳೆನರಸೀಪುರದ ಹತ್ತಿರದ ಊರಿನಲ್ಲಿರುವ ನನ್ನ ಅಮ್ಮನಿಗೆ ಈ ಕೆಲಸ ಏನು ಅಂತ ಇನ್ನೂ ಪೂರ್ತಿ ಅರ್ಥವಾಗಿಲ್ಲ. "ನಿಂಗೆ ವಾರ್ಡೂ ಇಲ್ಲ, ಬೆಡ್ಡೂ ಇಲ್ಲ, ಮತ್ತೆ ಯಾರನ್ನ ನೋಡ್ಕೊತೀಯಾ?" ಅಂತ ಕೇಳುತ್ತಾಳೆ. ಯಾರು ಕರೆದರೆ ಅವರನ್ನಮ್ಮ, ಅನ್ನುತ್ತೇನೆ.

ನಿಜವಾಗಿ ಅಷ್ಟೇ ಕೆಲಸ. ಬೆಂಗಳೂರಿನ ದೊಡ್ಡ ಆಸ್ಪತ್ರೆ ನಮ್ಮದು. ಯಾವುದೋ ವಾರ್ಡಿನಲ್ಲಿ ಪೇಷೆಂಟ್ ಯಾಕೋ ಸರಿ ಇಲ್ಲ ಅಂತ ಸಿಸ್ಟರಿಗೆ ಅನ್ನಿಸಿದರೆ ನಮ್ಮ ನಂಬರಿಗೆ ಫೋನ್ ಬರುತ್ತದೆ, ಬ್ಯಾಗ್ ಎತ್ತಿಕೊಂಡು ಓಡುತ್ತೇವೆ. ಕೋಡ್ ಬ್ಲೂ ಎಲ್ಲರಿಗೂ ಗೊತ್ತು, ಅದು ಹೃದಯ ನಿಂತ ಮೇಲೆ. ನಾವು ಅದಕ್ಕಿಂತ ಮೊದಲು ಹೋಗಬೇಕಾದವರು. ವಾರ್ಡಿನಲ್ಲಿ ಹೃದಯ ಹಾಗೆ ಒಂದೇ ಸಲ ನಿಲ್ಲುವುದು ಕಡಿಮೆ. ಎಷ್ಟೋ ಸಲ ಗಂಟೆಗಳ ಮೊದಲೇ ಉಸಿರು ಜೋರಾಗುತ್ತದೆ, ನಾಡಿ ಏರುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮಾತು ತೊದಲುತ್ತದೆ. ಯಾರಾದರೂ ಅದನ್ನು ನೋಡಬೇಕು, ನೋಡಿ ಕರೆಯಬೇಕು. ಅದಕ್ಕೇ ನನ್ನ ಮೊದಲ ಥ್ಯಾಂಕ್ಸ್ ಟೀಮಿಗಲ್ಲ, ಐದು ವರ್ಷ ನಮಗೆ ಫೋನ್ ಮಾಡಿದವರಿಗೆ.

ಯಾಕೆ ಅಂತ ಹೇಳಬೇಕು. 2017ರಲ್ಲಿ ನಾನು ಬೇರೊಂದು ಆಸ್ಪತ್ರೆಯಲ್ಲಿ ವಾರ್ಡ್ ನರ್ಸ್ ಆಗಿದ್ದೆ. ನೈಟ್ ಡ್ಯೂಟಿ, ಮೂವತ್ತಕ್ಕೂ ಜಾಸ್ತಿ ಪೇಷೆಂಟ್, ನಾವಿಬ್ಬರು. ಮೂತ್ರದ ಸೋಂಕು ಅಂತ ಸೇರಿದ್ದ ಅಜ್ಜ ಒಬ್ಬರಿದ್ದರು. ಚಾರ್ಟಿನಲ್ಲಿ ಉಸಿರು 20, 20, 20 ಅಂತ ಸಾಲಾಗಿ ಬರೆದಿತ್ತು. ಅದರಲ್ಲಿ ಎರಡು ನಾನೇ ಬರೆದಿದ್ದು, ಎಣಿಸದೆ. ಮೂರು ಗಂಟೆಗೆ ಅವರ ಮುಖ ನೋಡಿ ಏನೋ ಅನ್ನಿಸಿ ವಾಚ್ ಹಿಡಿದು ಒಂದು ನಿಮಿಷ ಎಣಿಸಿದೆ. 30 ಇತ್ತು. ಬಿಪಿ ಆಗ ಪರವಾಗಿಲ್ಲ ಅನ್ನುವಂತಿತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಆದರೆ ಅದೇ ರಾತ್ರಿ ಹನ್ನೆರಡಕ್ಕೆ ಬೇರೆಯವರ ವಿಷಯಕ್ಕೆ ಫೋನ್ ಮಾಡಿ "ಇಷ್ಟಕ್ಕೆಲ್ಲ ಎಬ್ಬಿಸ್ತೀರಾ?" ಅಂತ ಬೈಸಿಕೊಂಡಿದ್ದೆ. ತಲೆ ಕಡೆ ಬೆಡ್ ಎತ್ತರಿಸಿದೆ, ಆಕ್ಸಿಜನ್ ಹಾಕಿದೆ, ಬೆಳಗ್ಗೆ ರೌಂಡ್ಸಿನಲ್ಲಿ ಹೇಳೋಣ ಅಂದುಕೊಂಡೆ. ಆರೂವರೆಗೆ ಬಿಪಿ 70ಕ್ಕೆ ಇಳಿದಿತ್ತು. ಸೆಪ್ಸಿಸ್, ಅಂದರೆ ಸೋಂಕಿನಿಂದ ಇಡೀ ದೇಹವೇ ಹದಗೆಡುವ ಸ್ಥಿತಿ. ಐಸಿಯುಗೆ ಹೋದವರು ಮೂರನೇ ದಿನ ತೀರಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬೇಗ ಕರೆದಿದ್ದರೆ ಉಳಿಯುತ್ತಿದ್ದರು ಅಂತಲೂ ಖಂಡಿತ ಹೇಳಲಾಗದು. ಆದರೆ ಸೆಪ್ಸಿಸ್ ಶಾಕಿನಲ್ಲಿ (ಶಾಕ್ ಅಂದರೆ ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುವುದು) ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಶುರುವಾಗಬೇಕು ಅಂತ ಓದಿದಾಗಲೆಲ್ಲ ಆ ಮೂರೂವರೆ ಗಂಟೆ ಕಣ್ಣ ಮುಂದೆ ಬರುತ್ತದೆ.

ಆ ಕುಟುಂಬಕ್ಕೆ ಇದನ್ನು ನಾನು ಹೇಳಲೇ ಇಲ್ಲ. ನಾನು ಇವತ್ತೂ ಎದೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇನೆ ಅಂದರೆ ಅದು ಆ ಅಜ್ಜನಿಂದ.

ಹೃದಯ ನಿಲ್ಲುವ ಮೊದಲೇ ನಮ್ಮಂಥ ಟೀಮನ್ನು ಕರೆಯುವ ಪದ್ಧತಿ ಶುರುವಾಗಿದ್ದು 1990ರ ಸುಮಾರಿಗೆ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಂತೆ. ಅದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಯಾವಾಗ ಕರೆಯಬೇಕು ಅನ್ನುವ ಪಟ್ಟಿಯಲ್ಲಿ ನಾಡಿ, ಬಿಪಿ, ಆಕ್ಸಿಜನ್ ಎಲ್ಲದರ ಜೊತೆ ಕೊನೆಗೆ ಒಂದು ಸಾಲು ಇರುತ್ತದೆ: ನೋಡಿಕೊಳ್ಳುತ್ತಿರುವವರಿಗೆ ಆತಂಕ ಅನ್ನಿಸಿದರೆ ಕರೆಯಿರಿ. ನಂಬರ್ ಎಲ್ಲ ಸರಿ ಇದ್ದರೂ ಪರವಾಗಿಲ್ಲ. 2017ರಲ್ಲಿ ನನಗೆ ಬೇಕಿದ್ದದ್ದು ಆ ಒಂದು ಸಾಲು.

2024ರ ಮಳೆಗಾಲ ನೆನಪಿದೆ ಅಲ್ವಾ? ಡೆಂಗ್ಯೂ ಎಷ್ಟು ಹೆಚ್ಚಿತ್ತು ಅಂದರೆ ಸೆಪ್ಟೆಂಬರಿನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಆಗ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು, ಐದನೇ ದಿನ ಜ್ವರ ಬಿಟ್ಟಿತ್ತು. ಮನೆಯವರಿಗೆ ಖುಷಿ, ನಾಳೆ ಡಿಸ್ಚಾರ್ಜ್ ಕೇಳೋಣ ಅಂತಿದ್ದರು. ಪ್ಲೇಟ್‌ಲೆಟ್ ಎಷ್ಟು, ಎಷ್ಟು ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಭಯದ ಹೊತ್ತು, ರಕ್ತನಾಳದಿಂದ ನೀರಿನಂಶ ಸೋರುವುದು ಆಗಲೇ. ಆ ರಾತ್ರಿ ವಾರ್ಡಿನಲ್ಲಿದ್ದ ಸಿಸ್ಟರ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಬಿಪಿ 100/84 ಬಂತು. ಮೇಲಿನ ನಂಬರ್ ನೋಡಿದರೆ ನೂರಿದೆ, ಸುಮ್ನೆ ಬರೆದು ಮುಂದೆ ಹೋಗಬಹುದಿತ್ತು. ಅವಳು ಎರಡು ನಂಬರಿನ ಮಧ್ಯೆ ಎಷ್ಟು ಅಂತರ ಅಂತ ನೋಡಿದಳು. 16. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶಾಕ್ ಅಂತಲೇ ತಿಳಿಯಬೇಕು. ಕೈ ಮುಟ್ಟಿದಳು, ತಣ್ಣಗಿತ್ತು. ಹೊಟ್ಟೆ ನೋವು ಅಂತ ಸಂಜೆಯಿಂದ ಹೇಳುತ್ತಿದ್ದಾನೆ ಅಂತ ಅವನ ಅಮ್ಮ ಹೇಳಿದರು. ಅವಳು ತಡ ಮಾಡದೆ ನಮಗೆ ಫೋನ್ ಮಾಡಿದಳು.

ನಾವು ಹೋದಾಗ ಹುಡುಗ ಮಾತಾಡುತ್ತಿದ್ದ. ನಾಡಿ 124. ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯಲು ಪಿಸಿವಿ ಟೆಸ್ಟಿಗೆ ಕಳಿಸಿದೆವು, ಹಿಂದಿನ ದಿನಕ್ಕಿಂತ ತುಂಬಾ ಏರಿತ್ತು. ತೂಕ ಲೆಕ್ಕ ಹಾಕಿ ಫ್ಲೂಯಿಡ್ ಶುರು ಮಾಡಿ ಐಸಿಯುಗೆ ಕರೆದುಕೊಂಡು ಹೋದೆವು. ಫ್ಲೂಯಿಡ್ ಕಡಿಮೆಯಾದರೆ ಶಾಕ್, ಜಾಸ್ತಿಯಾದರೆ ಆಮೇಲೆ ಶ್ವಾಸಕೋಶಕ್ಕೆ ನೀರು, ಹಾಗಾಗಿ ಗಂಟೆ ಗಂಟೆಗೂ ನೋಡಿ ನೋಡಿ ಬದಲಾಯಿಸಬೇಕು. ನಾಲ್ಕು ದಿನದ ಮೇಲೆ ಅವನು ನಡೆದುಕೊಂಡು ಮನೆಗೆ ಹೋದ. ಅವನ ಅಮ್ಮ ನಮ್ಮ ಟೀಮಿನವರ ಕೈ ಹಿಡಿದುಕೊಂಡು ಅತ್ತರು. ಆ ಸಿಸ್ಟರ್ ಅವತ್ತು ವೀಕ್ಲಿ ಆಫ್‌ನಲ್ಲಿದ್ದಳು. ಆ ಕೃತಜ್ಞತೆ ನಿನಗೆ ಸೇರಬೇಕಾದದ್ದು ಪುಟ್ಟಾ, ನಾನು ಅವತ್ತಿಂದ ಹೇಳಬೇಕು ಅಂದುಕೊಂಡೇ ಇದ್ದೆ.

ಸಿಸ್ಟರುಗಳಷ್ಟೇ ಅಲ್ಲ. ಊಟದ ಟ್ರೇ ವಾಪಸ್ ತೆಗೆದುಕೊಳ್ಳಲು ಬಂದು "ಈ ಅಜ್ಜಿ ನಿನ್ನೆ ನನ್ನ ಜೊತೆ ಮಾತಾಡಿದ್ರು, ಇವತ್ತು ಕಣ್ಣೇ ಬಿಡ್ತಿಲ್ಲ" ಅಂದ ಅಣ್ಣನಿಗೆ ಥ್ಯಾಂಕ್ಸ್. ಅಜ್ಜಿಯ ಶುಗರ್ 38 ಇತ್ತು, ಡೆಕ್ಸ್‌ಟ್ರೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಮಗಳನ್ನು ಕೇಳಿದರು. "ಇವರು ಹೀಗೆ ಉಸಿರಾಡೋರಲ್ಲ ಕಣಮ್ಮ" ಅಂತ ನರ್ಸಿಂಗ್ ಸ್ಟೇಷನ್ನಿಗೆ ಮೂರು ಸಲ ಬಂದ ಆ ಹೆಂಗಸಿಗೆ ಥ್ಯಾಂಕ್ಸ್. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುವಷ್ಟು ಮಾನಿಟರಿಗೆ ಗೊತ್ತಿರುವುದಿಲ್ಲ. ನಾವು ಓಡುವುದು ಕಂಡ ಕೂಡಲೇ ಲಿಫ್ಟ್ ಹಿಡಿದು ನಿಲ್ಲಿಸುವ ಅಣ್ಣಂದಿರಿಗೂ.

ನಮ್ಮ ಐಸಿಯು ಮೇಡಂಗೆ. ಸೇರಿದ ವಾರವೇ ಅವರು ಹೇಳಿದ್ದರು, "ಕರೆದವರಿಗೆ ಮೊದಲು ಥ್ಯಾಂಕ್ಸ್ ಹೇಳು, ಆಮೇಲೆ ಪೇಷೆಂಟ್ ನೋಡು." ಅದೊಂದು ಮಾತು ನಮ್ಮ ಆಸ್ಪತ್ರೆಯಲ್ಲಿ ಎಷ್ಟು ಕರೆಗಳನ್ನು ಬೇಗ ಬರುವಂತೆ ಮಾಡಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. 2021ರ ಏಪ್ರಿಲ್, ಮೇ ತಿಂಗಳ ಬಗ್ಗೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ. ಆಗ ಜೊತೆಗಿದ್ದವರಿಗೆ ಗೊತ್ತು. ಆ ಎರಡು ತಿಂಗಳು ನನ್ನ ಮಗಳನ್ನು ತಮ್ಮ ಹತ್ತಿರ ಮಲಗಿಸಿಕೊಂಡು, ನನಗೆ ಬಾಗಿಲ ಹೊರಗೆ ಬಿಸಿನೀರು, ಊಟ ಇಟ್ಟ ನಮ್ಮ ಅತ್ತೆಗೆ ಏನು ಹೇಳಿದರೂ ಸಾಲದು.

ಇನ್ನೊಬ್ಬರು ಬಾಕಿ. ಮೂರು ವಾರದ ಹಿಂದೆ ಬೆಳಗಿನ ಜಾವ ನಾಲ್ಕಕ್ಕೆ ಆರನೇ ಮಹಡಿಯಿಂದ ಹೊಸ ಹುಡುಗಿಯೊಬ್ಬಳು ಕರೆದಳು. ಹೋಗಿ ಎಲ್ಲ ನೋಡಿದೆವು. ಉಸಿರು 16, ಬಿಪಿ ಸರಿ, ಇಸಿಜಿ ಸರಿ, ಪೇಷೆಂಟ್ ಕೆಟ್ಟ ಕನಸು ಬಿದ್ದು ಗಾಬರಿಯಾಗಿದ್ದರು ಅಷ್ಟೇ. ಹುಡುಗಿಯ ಮುಖ ಸಣ್ಣದಾಗಿತ್ತು. "ಸಾರಿ ಅಕ್ಕ, ಸುಮ್ನೆ ಓಡಿಸಿಬಿಟ್ಟೆ" ಅಂದಳು. ನಾನು ಅವಳ ಪಕ್ಕ ಕೂತು, ನೀನು ಕರೆದಿದ್ದಕ್ಕೆ ಥ್ಯಾಂಕ್ಸ್ ಕಣೇ ಅಂದೆ. ಬಾಯಿ ಮಾತಿಗೆ ಅಂದೆ ಅಂದುಕೊಂಡಿರಬೇಕು ಅವಳು. ಅಲ್ಲ ಕಣೇ. ನಾಳೆ ರಾತ್ರಿಯೂ ನಾನು ಡ್ಯೂಟಿಯಲ್ಲಿದ್ದೇನೆ, ಅನುಮಾನ ಬಂದರೆ ಫೋನ್ ಮಾಡು.