ಟೌನ್‌ಹಾಲ್ ಚಾವಣಿ ಮುಗಿಯಿತು: ಕೈಹಿಡಿದವರಿಗೆ ನಮಸ್ಕಾರ

ನಮ್ಮ ಊರ ಟೌನ್‌ಹಾಲ್ ಬಾಗಿಲು ಮತ್ತೆ ತೆರೆದಿದೆ. ಮಳೆ ಬಂದರೆ ಬಕೆಟ್ ಇಡಬೇಕಿಲ್ಲ. ಹಳೆಯ ತೇಗದ ತೊಲೆಗಳು ಇದ್ದಲ್ಲೇ ಇವೆ, ಗೋಡೆಗಳು ಮತ್ತೆ ಸುಣ್ಣದ ಗೋಡೆಗಳಾಗಿವೆ. ಕೆಲಸ ನಡುವೆ ಯಾಕೆ ನಿಂತಿತ್ತು, ಕೆಡವಿ ಹೊಸದು ಕಟ್ಟುವ ಮಾತು ಎಲ್ಲಿಯವರೆಗೆ ಹೋಗಿತ್ತು ಅನ್ನುವುದೆಲ್ಲ ಊರಿನವರಿಗೆ ಗೊತ್ತೇ ಇದೆ, ಅದನ್ನು ಕೆದಕುವುದು ಬೇಡ. ನಮ್ಮ ಸಮಿತಿಯ ಪರವಾಗಿ ಸಲ್ಲಬೇಕಾದವರಿಗೆ ಸಲ್ಲಬೇಕಾದ ಮಾತು ಹೇಳಿಬಿಡುತ್ತೇವೆ.

ಅಳತೆ ತೆಗೆದು ನಕ್ಷೆ ಮಾಡಿಕೊಟ್ಟ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು, ಹಳೆಯ ನೆಗೆಟಿವ್ ಹುಡುಕಿ ತೆಗೆದ ಸ್ಟುಡಿಯೊದವರು, ಬಾಗಿಲು ಕಿಟಕಿಗಳ ಒಂದೊಂದು ರೆಕ್ಕೆಗೂ ನಂಬರ್ ತಗಡು ಹೊಡೆದು ಬಿಚ್ಚಿ ಅದೇ ಚೌಕಟ್ಟಿಗೆ ಮತ್ತೆ ಕೂರಿಸಿದ ಆಚಾರ್ರು, ಮಧ್ಯಾಹ್ನದ ಊಟ ಕಳಿಸಿದ ಹೋಟೆಲಿನವರು, ಪ್ರಶ್ನೆ ಕೇಳುತ್ತಲೇ ಚಂದಾ ಕೊಟ್ಟ ಅಂಗಡಿ ಬೀದಿಯವರು, ನಿಮ್ಮೆಲ್ಲರಿಗೂ ನಮಸ್ಕಾರ.

ಕೆಲಸಕ್ಕೆ ಮುಂಚೆ ಮೈಸೂರು, ಬೆಂಗಳೂರಿನ ಪುರಭವನಗಳನ್ನು ನಮ್ಮ ಜೊತೆ ಬಂದು ತೋರಿಸಿದ ಎಂಜಿನಿಯರ್ ಮೇಷ್ಟ್ರಿಗೂ ಋಣಿಗಳು. ಮೈಸೂರಿನದು 1884ರದು, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ಸ್ಮಾರಕ. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ 1935ರದು. ಹೋದವರೆಲ್ಲ ಎದುರಿನ ಕಂಬಗಳ ಫೋಟೊ ಹೊಡೆಯುತ್ತಾರೆ. ಹಳೆಯ ಸಭಾಂಗಣಕ್ಕೆ ಕಾಲಿಟ್ಟರೆ ಮೊದಲು ಕಂಬ ನೋಡಬೇಡಿ, ನೀರು ಹೋಗುವ ದಾರಿ ನೋಡಿ ಎಂದರು ಮೇಷ್ಟ್ರು. ಮಾಳಿಗೆಯ ಮಳೆನೀರು ಹೊರಬಿಡುವ ದೋಣಿಯ ಬಾಯಿ ಎಲ್ಲಿದೆ, ಅದರ ಕೆಳಗಿನ ಗೋಡೆಯಲ್ಲಿ ಹಸಿರು ಪಟ್ಟೆ ಇದೆಯೇ, ತೊಲೆ ಗೋಡೆಯೊಳಗೆ ಹೋಗುವ ಕಡೆ ಕಂದು ಕಲೆ ಇದೆಯೇ, ಗೋಡೆಯ ಕೆಳಗಿನ 3 ಅಡಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ. ಈ ನಾಲ್ಕನ್ನು ನೋಡಿದರೆ ಕಟ್ಟಡದ ಆರೋಗ್ಯ ಅರ್ಧ ಗೊತ್ತಾಗುತ್ತದೆ. ನಮ್ಮ ಹಾಲಿನಲ್ಲಿ ನಾಲ್ಕೂ ಇದ್ದವು.

ಕಾರಣ ದೊಡ್ಡದೇನಲ್ಲ. ಯಾವುದೋ ಕಾಲದಲ್ಲಿ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದರು. ಹಳೆಯ ಇಟ್ಟಿಗೆ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಸುಣ್ಣ ಅದನ್ನು ಹೊರಗೆ ಬಿಟ್ಟು ಒಣಗುತ್ತದೆ. ಸಿಮೆಂಟ್ ಬಿಡುವುದಿಲ್ಲ. ತೇವ ಒಳಗೇ ಉಳಿದು, ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಹೊರಗಿನಿಂದ ತೊಲೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಸುತ್ತಿಗೆಯಲ್ಲಿ ತಟ್ಟಿದಾಗ ಠಣ್ ಅನ್ನದೆ ದಬ್ ಅಂದರೆ, ಆರಿ ಚುಚ್ಚಿದಾಗ ಒಳಗೆ ಇಳಿದರೆ, ಆ ತುದಿ ಹೋಯಿತು ಎಂದೇ ಲೆಕ್ಕ. ಇಡೀ ತೊಲೆ ಬದಲಿಸಬೇಕಿಲ್ಲ. ಕೆಳಗೆ ಜಾಕಿ ಕೊಟ್ಟು, ಗಟ್ಟಿ ಮರ ಸಿಗುವವರೆಗೆ ಕೊಳೆತದ್ದನ್ನು ಕೊಯ್ದು, ಒಣಗಿದ ತೇಗವನ್ನು ಓರೆ ಸಂದಿನಲ್ಲಿ ಕೂಡಿಸಿ ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದು. ತುದಿಯ ಸುತ್ತ ಬೆರಳಗಲ ಗಾಳಿ ಆಡಲು ಬಿಡಬೇಕು. ಆ ಸಂದಿಗೆ ಸಿಮೆಂಟ್ ತುಂಬಿದರೆ ಮಾಡಿದ್ದೆಲ್ಲ ನೀರುಪಾಲು.

ಇನ್ನು ಉಳಿದ ಮಾತೆಲ್ಲ ದೊಡ್ಡಮ್ಮನ ಬಗ್ಗೆ. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದದ್ದು. ಗಾರೆ ಬಡಿಯುವ ಹೆಂಗಸರ ಗುಂಪಿಗೆ ಹಿರಿಯರು.

ನಮ್ಮದು ಮದ್ರಾಸ್ ತಾರಸಿ. ತೊಲೆಗಳ ಮೇಲೆ 1 ಅಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಗೆ ಓರೆಯಾಗಿ, ಮೂಲೆಯಿಂದ ಸಾಲು ಹಿಡಿಯುತ್ತಾರೆ. ಕೆಳಗೆ ಹಲಗೆ ಬೇಕಿಲ್ಲ, ಗಾರೆ ಮೆತ್ತಿದ ಇಟ್ಟಿಗೆ ಹಿಂದಿನ ಸಾಲನ್ನು ಕಚ್ಚಿ ನಿಲ್ಲುತ್ತದೆ. ಅದರ ಮೇಲೆ ಎರಡೂವರೆ ಪಾಲು ಇಟ್ಟಿಗೆ ಜಲ್ಲಿಗೆ ಒಂದು ಪಾಲು ಸುಣ್ಣದಂತೆ ಕಲೆಸಿದ ಕಾಂಕ್ರೀಟು, 4 ಅಂಗುಲ. ಅದನ್ನು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದು 3 ಅಂಗುಲಕ್ಕೆ ಇಳಿಸಬೇಕು. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಹಾಕಿದ ನೀರು ಚಿಮುಕಿಸುತ್ತಿರಬೇಕು. ಮೊದಲ ದಿನವೇ ಜೋರಾಗಿ ಬಡಿದರೆ ಜಲ್ಲಿ ಒಡೆದು ಪುಡಿಯಾಗುತ್ತದೆ. ಬೇಗ ನಿಲ್ಲಿಸಿದರೆ ಒಳಗೆ ಪೊಳ್ಳು ಉಳಿದು ಮೊದಲ ಮಳೆಗೇ ನೀರು ಕುಡಿಯುತ್ತದೆ.

ಯಾವಾಗ ಸಾಕು ಅನ್ನುವುದನ್ನು ಟೆಂಡರ್ ಕಾಗದದಲ್ಲಿ ಬರೆಯಲಾಗುವುದಿಲ್ಲ. ದೊಡ್ಡಮ್ಮ ಸಾಲಿನ ಕೊನೆಯಲ್ಲಿ ಕೂತು, ತಾವು ಬಡಿಯುತ್ತಲೇ ಉಳಿದವರ ಕೊಡತಿಯ ಸದ್ದು ಕೇಳುತ್ತಿದ್ದರು. "ಅಲ್ಲಿ ಇನ್ನೂ ಹಸಿ ಐತೆ ಕಣವ್ವ, ಮೆತ್ತಗೆ ಬಡಿ" ಅನ್ನುವರು, ಆ ಕಡೆ ತಿರುಗಿಯೂ ನೋಡದೆ. ಹಾಕಿದ ಕೊಡತಿ ತಾನಾಗಿ ಪುಟಿದು, ಸದ್ದು ಗಟ್ಟಿ ನೆಲ ತಟ್ಟಿದ ಹಾಗೆ ಬಂದಾಗ ಮಾತ್ರ ಆ ಪಟ್ಟಿ ಬಿಟ್ಟು ಮುಂದಿನದಕ್ಕೆ ಸರಿಯುತ್ತಿದ್ದರು. ಮಾರನೆಯ ದಿನ ಎಂಜಿನಿಯರ್ ನೀರು ನಿಲ್ಲಿಸಿ ಪರೀಕ್ಷೆ ಮಾಡಿದರೆ ಅವರು ಬಿಟ್ಟ ಪಟ್ಟಿಯಲ್ಲಿ ಎಲ್ಲೂ ಒಸರುತ್ತಿರಲಿಲ್ಲ.

ಆ ಮಳೆಯ ರಾತ್ರಿ ನಿಮಗೆ ನೆನಪಿದೆ. ಮುಂಗಾರಿಗೆ ಇನ್ನೂ ಸಮಯವಿತ್ತು, ವೇದಿಕೆಯ ಮೇಲಿನ ಚಾವಣಿಯ ಅಂಕಣ ತೆರೆದಿತ್ತು, ಹಾಕಿದ ಕಾಂಕ್ರೀಟು ಒಂದೇ ದಿನದ ಹಸಿ. ಗಾಳಿಗೆ ಟಾರ್ಪಾಲಿನ ಒಂದು ಹಗ್ಗ ಹರಿದು ನಡುವೆ ನೀರು ನಿಲ್ಲತೊಡಗಿತು. 10 ಅಡಿ ಉದ್ದಗಲದಲ್ಲಿ 4 ಅಂಗುಲ ನೀರು ನಿಂತರೆ ಹೆಚ್ಚುಕಡಿಮೆ 950 ಕೆಜಿ. ಅದು ಕೂತಿದ್ದು ಅರ್ಧ ಕೊಯ್ದ ತೊಲೆಗಳ ಮೇಲೆ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಬಿದ್ದದ್ದು, ಆ ಹೊತ್ತಿನಲ್ಲಿ ಅಲ್ಲಿದ್ದ ಎಲ್ಲರ ತಲೆಯಲ್ಲೂ ಅದೇ. ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ದೊಡ್ಡಮ್ಮ ಮನೆಗೆ ಹೋಗಲಿಲ್ಲ. ಅಟ್ಟಣಿಗೆಯ ಮೇಲೆ ನಿಂತು, ತುದಿಗೆ ಗೋಣಿತಾಟು ಸುತ್ತಿದ ಬಿದಿರಿನಿಂದ ಟಾರ್ಪಾಲನ್ನು ಕೆಳಗಿನಿಂದ ಎತ್ತಿ ಎತ್ತಿ ನೀರು ಚೆಲ್ಲಿಸಿದರು. ಗೋಣಿ ಯಾಕೆಂದರೆ ಬರೀ ಬಿದಿರು ಟಾರ್ಪಾಲನ್ನು ತೂತು ಮಾಡುತ್ತದೆ. ನಡುವೆ ಒಂದು ಗಳ ಎತ್ತರಿಸಿ ಕಟ್ಟಿಸಿ ಎರಡೂ ಕಡೆ ಇಳಿಜಾರು ಮಾಡಿಸಿದರು. ಜಾಕಿಗಳ ಕೆಳಗಿನ ಹಲಗೆ ನೆನೆದು ಜಾರುತ್ತದೆಂದು ಹುಡುಗರಿಂದ ಒಂದೊಂದು ಬೆಣೆಯನ್ನೂ ಬಿಗಿ ಮಾಡಿಸಿದರು. ಕರೆಂಟ್ ಹೋದಮೇಲೆ ಟಾರ್ಚಿನ ಬೆಳಕಲ್ಲಿ, ಬೆಳಗಿನ ಜಾವದವರೆಗೆ. ಬೆಳಕಾದ ಮೇಲೆ ಹಸಿ ಪಟ್ಟಿಯ ಅಂಚು ಕೊಚ್ಚಿಹೋಗಿದ್ದು ಕಂಡಿತು. ಅಷ್ಟನ್ನು ಕೆರೆದು ತೆಗೆದು ಹೊಸದಾಗಿ ಹಾಕಬೇಕೆಂದವರೂ ಅವರೇ, ಸಂಜೆಗೆ ಕೊಡತಿ ಹಿಡಿದು ಕೂತವರೂ ಅವರೇ.

ಇದನ್ನು ಬರೆಯುವಾಗ ಗಂಟಲು ಕಟ್ಟುತ್ತದೆ. ಕೂಲಿ ಪಟ್ಟಿಯಲ್ಲಿ ಅವರು ಅಕುಶಲ ಕಾರ್ಮಿಕರು. ಮಣ್ಣು ಹೊರುವವರ ಸಾಲು, ಅದೇ ಕೂಲಿ. ಸುಣ್ಣ ತಿಂದು ಬಿರಿದ ಅವರ ಅಂಗೈ ನೋಡಿದವರಿಗೆ ಆ ಪದ ಓದಲಾಗುವುದಿಲ್ಲ. ಮಗಳು ಈ ಕೆಲಸಕ್ಕೆ ಬರಲಿಲ್ಲ, ಬರಬೇಕು ಅನ್ನುವ ಹಕ್ಕು ನಮಗೂ ಇಲ್ಲ. ಮುಂದಿನ ಅಂದಾಜುಪಟ್ಟಿಯಲ್ಲಿ ಗಾರೆ ಬಡಿಯುವವರನ್ನು ಕುಶಲಕರ್ಮಿಗಳ ದರದಲ್ಲಿ ಹಾಕಬೇಕೆಂದು ಸಮಿತಿ ಬರೆದುಕೊಟ್ಟಿದೆ. ವ್ಯತ್ಯಾಸದ ಹಣವನ್ನು ಈ ಸಲ ಚಂದಾದಿಂದ ಕೊಟ್ಟಿದ್ದೇವೆ. ದೊಡ್ಡಮ್ಮ, ನಿಮ್ಮ ಋಣ ಅಷ್ಟಕ್ಕೆ ತೀರುವುದಿಲ್ಲ, ಗೊತ್ತು.

ಹಾಲ್ ನೋಡಲು ಬರುವವರು ಬಲಗಡೆ ಗೋಡೆಯಲ್ಲಿ ಬಣ್ಣದ ಮೆಟ್ಟಿಲು ನೋಡಿ. ಬ್ಲೇಡಿನಲ್ಲಿ ಅಂಗುಲ ಅಂಗುಲವಾಗಿ ಕೆರೆದು ಒಂದರ ಕೆಳಗೊಂದು ಇದ್ದ ಬಣ್ಣಗಳನ್ನು ಹಾಗೇ ಬಿಟ್ಟಿದ್ದೇವೆ. ಎಲ್ಲಕ್ಕಿಂತ ಕೆಳಗಿನ ತಿಳಿ ಹಳದಿಯೇ ಈಗಿನ ಗೋಡೆಯ ಬಣ್ಣ, ತೆಳು ಸುಣ್ಣದಲ್ಲಿ 4 ಕೈ. ಕಾರ್ಯಕ್ರಮ ಮಾಡುವವರು ಗೋಡೆಗೆ ಟೇಪ್ ಅಂಟಿಸಬೇಡಿ, ಸುಣ್ಣವೇ ಕಿತ್ತು ಬರುತ್ತದೆ. ಬ್ಯಾನರ್ ಕಟ್ಟಲು ವೇದಿಕೆಯ ಪಕ್ಕ ಕಬ್ಬಿಣದ ಕೊಕ್ಕೆ ಹಾಕಿದ್ದೇವೆ. ಕೆಂಪು ಗಾರೆ ನೆಲಕ್ಕೆ ಆ್ಯಸಿಡ್ ಬೇಡ, ಬರೀ ನೀರು, ಒದ್ದೆ ಬಟ್ಟೆ ಸಾಕು.

ಮಾಳಿಗೆಯ ದೋಣಿಗಳಲ್ಲಿ ಎಲೆ, ಪಾರಿವಾಳದ ಗೂಡು ತುಂಬಿದರೆ ಈ ಚಾವಣಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 7ಕ್ಕೆ ಶುಚಿ ಮಾಡುವ ಕೆಲಸ. ಅರಳಿ ಸಸಿ ಕಂಡರೆ ಎಳೆದು ಕೀಳಬೇಡಿ, ಬೇರಿನ ಜೊತೆ ಗಾರೆ ಬರುತ್ತದೆ, ನಮಗೆ ತೋರಿಸಿ. ಬರಿಗಾಲಲ್ಲೋ ಮೆತ್ತನೆ ಚಪ್ಪಲಿಯಲ್ಲೋ ಬನ್ನಿ. ಪೊರಕೆ, ಬುಟ್ಟಿ ಇಲ್ಲೇ ಇವೆ.