ಶೀನನಿಗೆ, ಪುನರ್ಪುಳಿ ಕುಡಿಯದ ಮೂರು ದಿನಗಳ ಬಗ್ಗೆ

ಬಿಜೈ, ಮಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಶೀನ,

ಹೋದ ತಿಂಗಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ನೀನು, "ನಂಗೂ ಸ್ವಲ್ಪ ಮೂಲವ್ಯಾಧಿ ಶುರುವಾಗಿದೆ ಮಾರಾಯ, ಆಗಾಗ ರಕ್ತ ಕಾಣ್ತದೆ, ಸೆಕೆಗಾಲ ಅಲ್ವಾ" ಅಂದೆ. ನಾನು "ಎಳನೀರು ಕುಡಿ" ಅಂದು ಮಾತು ತಿರುಗಿಸಿದೆ. ಅವತ್ತಿನಿಂದ ಅದು ಮನಸ್ಸಿನಲ್ಲಿ ಕೊರೆಯುತ್ತಾ ಉಂಟು. ಯಾಕೆಂದರೆ ಆ ಹೊತ್ತಿಗೆ ನನ್ನ ಕೊಲೊನೋಸ್ಕೋಪಿಗೆ, ಅಂದರೆ ಹಿಂದಿನಿಂದ ಕೊಳವೆ ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆಗೆ, ದಿನ ನಿಗದಿಯಾಗಿತ್ತು. ನಿನಗೆ ಹೇಳಲಿಲ್ಲ.

ಇದನ್ನು ನಿನ್ನ ವಾಟ್ಸಾಪಿಗೆ ಕಳಿಸಬಹುದಿತ್ತು. ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀ, ನಲವತ್ತು ವರ್ಷದಿಂದ ನಿನ್ನನ್ನು ನೋಡಿದ್ದೇನೆ. ಇಲ್ಲಿ ಹಾಕಿದರೆ ನಮ್ಮ ಬ್ಯಾಚಿನವರು ಓದುತ್ತಾರೆ, ನಿನ್ನ ತಂಗಿ ಓದುತ್ತಾಳೆ, ಮುಖ್ಯವಾಗಿ ನಿನ್ನ ಮನೆಯವರು ಓದುತ್ತಾರೆ. ಶೀನ ಅಂದರೆ ಯಾರು ಅಂತ ಗೊತ್ತಿರುವವರಿಗೆ ಮಾತ್ರ ಗೊತ್ತು. ಕೋಪ ಬಂದರೆ ಬರಲಿ.

ನನಗೆ ರಕ್ತ ಕಾಣಲು ಶುರುವಾಗಿ ಎಂಟು ತಿಂಗಳಾಗಿತ್ತು. ಒಬ್ಬರ ಹತ್ತಿರ ಹೋಗಿದ್ದೆ. ಪರೀಕ್ಷೆ ಮಾಡದೆ ಮುಲಾಮು ಬರೆದುಕೊಟ್ಟರು. ನಾನೂ ಅವರಿಗೆ ಹೇಳಬೇಕಾದ ಒಂದು ಮಾತು ಹೇಳಿರಲಿಲ್ಲ, ಅದಕ್ಕೆ ಆಮೇಲೆ ಬರ್ತೇನೆ. ಕೊನೆಗೆ ಕದ್ರಿ ಗುಡ್ಡೆ ಹತ್ತುವಾಗ ಅರ್ಧದಲ್ಲೇ ಕೂರುವ ಹಾಗಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.8. ಗಂಡಸರಿಗೆ 13ರ ಮೇಲಿರಬೇಕು. ಬೇರೆ ಡಾಕ್ಟರು ಆ ಚೀಟಿಯನ್ನು ನೋಡಿ, "ಈ ವಯಸ್ಸಿನ ಗಂಡಸಿಗೆ ರಕ್ತ ಕಡಿಮೆ ಆದರೆ ಮೊದಲು ಹೊಟ್ಟೆ, ಕರುಳು ನೋಡಬೇಕು" ಅಂದರು. ಹಾಗೆ ಹೋದದ್ದು.

ತಯಾರಿಯ ವಿಷಯ ಬಿಡಿಸಿ ಹೇಳ್ತೇನೆ. ಜನ ಹೆದರುವುದು ಕೊಳವೆಗೆ. ಆದರೆ ಕಷ್ಟ ಇರುವುದು ಅದರ ಹಿಂದಿನ ರಾತ್ರಿ.

ಮೂರು ದಿನ ಮೊದಲಿಂದ ನಾರು ಇರುವುದೆಲ್ಲ ಬಂದ್. ನಮ್ಮ ಕುಚ್ಚಲಕ್ಕಿ ಇಲ್ಲ, ಬೆಳ್ತಿಗೆ ಅನ್ನ. ಬಸಳೆ ಇಲ್ಲ, ಹರಿವೆ ಇಲ್ಲ, ಸೌತೆ, ಟೊಮೆಟೊ, ಪೇರಳೆ, ಬೀಜ ಇರುವ ಯಾವುದೂ ಇಲ್ಲ. ಬೀಜ ಹೋಗಿ ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದಂತೆ. ನೀರುದೋಸೆ ಆಗ್ತದೆ, ಕಾಯಿಚಟ್ನಿ ಆಗುವುದಿಲ್ಲ. ಸಕ್ಕರೆ ಮುಟ್ಟಿಸಿಕೊಂಡು ತಿಂದೆ. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿದ್ದರು, ಅದು ಕರುಳಿನ ಗೋಡೆಗೆಲ್ಲ ಕಪ್ಪು ಹಿಡಿಸುತ್ತದೆ. ನೀನು ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವ, ರಕ್ತ ತೆಳುವಾಗುವ ಮಾತ್ರೆಯೂ ಉಂಟು. ಯಾವುದನ್ನು ನಿಲ್ಲಿಸುವುದು, ಯಾವುದನ್ನು ಮುಂದುವರಿಸುವುದು ಅಂತ ನೀನಾಗಿ ತೀರ್ಮಾನಿಸಬೇಡ. ಮೊದಲ ದಿನವೇ ಮಾತ್ರೆಯ ಚೀಟಿಯನ್ನು ಡಾಕ್ಟರ ಮುಂದೆ ಇಡು.

ಹಿಂದಿನ ದಿನ ಪೂರ್ತಿ ತಿಳಿ ನೀರು ಮಾತ್ರ. ಹಾಲು ಹಾಕದ ಕಾಫಿ, ಸೋಸಿದ ಎಳನೀರು, ಲಿಂಬೆ ಶರಬತ್ತು, ಬೇಳೆ ಒಂದೂ ಬೀಳದ ಸಾರಿನ ತಿಳಿ. ಮಜ್ಜಿಗೆ ಆಗುವುದಿಲ್ಲ. ಫ್ರಿಜ್ಜಿನಲ್ಲಿ ಪುನರ್ಪುಳಿ ಶರಬತ್ತು ಇತ್ತು, ಅದೂ ನೀರಲ್ವಾ ಅಂತ ಕೈ ಹಾಕಿದೆ. ಮಗಳು ಚೀಟಿ ಓದಿ ತಡೆದಳು: ಕೆಂಪು ಬಣ್ಣದ್ದು ಕುಡಿಯಬಾರದು, ಒಳಗೆ ನೋಡುವಾಗ ರಕ್ತದ ಹಾಗೆ ಕಾಣುತ್ತದೆ. ಇದನ್ನು ನೀನು ವಿಶೇಷವಾಗಿ ನೆನಪಿಡು, ನಿನ್ನ ಮನೆಯಲ್ಲಿ ನೀರಿಗಿಂತ ಹೆಚ್ಚು ಅದೇ ಇರುತ್ತದೆ.

ಸಂಜೆ ಆರಕ್ಕೆ ಪುಡಿ. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಹೆಸರು. ಅದು ದೇಹಕ್ಕೆ ಹೀರಿಕೊಳ್ಳದೆ ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಒಟ್ಟು ಎರಡು ಲೀಟರು. ಒಂದು ಲೀಟರು ಸಂಜೆ, ಇನ್ನೊಂದು ಬೆಳಗ್ಗಿನ ಜಾವ ನಾಲ್ಕಕ್ಕೆ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಲಿಂಬೆ ಹಾಕಿದ ಸಮುದ್ರದ ನೀರಿನ ರುಚಿ. ತಣ್ಣಗೆ ಮಾಡಿಟ್ಟು, ನಾಲಿಗೆಗೆ ಹೆಚ್ಚು ತಾಗದ ಹಾಗೆ ಕುಡಿ. ಬೆಳಗ್ಗಿನದ್ದು ಬೇಡ, ರಾತ್ರಿಯೇ ಎಲ್ಲ ಮುಗಿಸ್ತೇನೆ ಅಂತ ಹಟ ಮಾಡಬೇಡ, ಎರಡು ಪಾಲು ಮಾಡಿದರೇ ಕರುಳು ಚೆನ್ನಾಗಿ ತೊಳೆಯುವುದು. ತೊಳೆಯದಿದ್ದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು (ಪಾಲಿಪ್ ಅಂತಾರೆ) ಕಣ್ಣು ತಪ್ಪಿಸಿಕೊಳ್ಳುತ್ತದೆ, ಮತ್ತೆ ಇದೇ ಪಾಡು. ಮೊದಲ ಒಂದು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಬಚ್ಚಲು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಮೊದಲೇ ತೆಂಗಿನೆಣ್ಣೆ ಸವರಿಕೋ, ಇಲ್ಲದಿದ್ದರೆ ಐದಾರು ಸಲ ಆದ ಮೇಲೆ ಉರಿ ತಡೆಯಲಿಕ್ಕಾಗುವುದಿಲ್ಲ. ಕೊನೆಕೊನೆಗೆ ಬರುವುದು ಹಳದಿ ತಿಳಿನೀರು, ಮೂತ್ರದ ಬಣ್ಣ. ಅದು ಬಂದರೆ ತಯಾರಿ ಸರಿಯಾಯಿತು ಅಂತ ಲೆಕ್ಕ.

ಜಾವದ ನಾಲ್ಕೂವರೆ. ಎರಡನೇ ಲೀಟರಿನ ಮೂರನೇ ಲೋಟ ಮುಗಿಸಿ ಒಳಗೆ ಕೂತಿದ್ದೆ. ಮನೆಯವರು ಏಳಬಾರದು ಅಂತ ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದೆ. ಆ ಸಣ್ಣ ನೀರಿನ ಶಬ್ದಕ್ಕೆ ಅಪ್ಪ ನೆನಪಾದರು.

2006ರ ಮಳೆಗಾಲ. ನಾನು ಊರಿಗೆ ಹೋಗಿದ್ದೆ. ಇದೇ ಹೊತ್ತಿಗೆ ಎಚ್ಚರವಾಗಿ ಹಿಂದಿನ ಬಾಗಿಲಿಗೆ ಬಂದರೆ ಬಾವಿಯ ಹತ್ತಿರ ಬೆಳಕಿತ್ತು. ಒಗೆಯುವ ಕಲ್ಲಿನ ಮೇಲೆ ಟಾರ್ಚು ಅಡ್ಡ ಇಟ್ಟು ಅಪ್ಪ ತನ್ನ ಬೈರಾಸು, ಮುಂಡು ತೊಳೆಯುತ್ತಿದ್ದರು. ಶಬ್ದ ಆಗದ ಹಾಗೆ, ಕಲ್ಲಿಗೆ ಬಡಿಯದೆ, ಕೈಯಲ್ಲೇ ಹಿಸುಕಿ ಹಿಸುಕಿ. ಟಾರ್ಚಿನ ಬೆಳಕಿನಲ್ಲಿ ಕಲ್ಲಿನಿಂದ ಇಳಿಯುವ ನೀರಿನ ಬಣ್ಣ ನನಗೆ ಕಂಡಿತು. ಅಪ್ಪನ ಬಟ್ಟೆ ಒಗೆಯುತ್ತಿದ್ದದ್ದು ಅಮ್ಮ, ಯಾವತ್ತೂ ಅವರಾಗಿ ಒಗೆದವರಲ್ಲ. ನಾನು ಬಾಗಿಲನ್ನು ಮೆಲ್ಲ ಹಾಕಿ ಬಂದು ಮಲಗಿದೆ.

ಶೀನ, ಇದನ್ನು ನಾನು ಯಾರಿಗೂ ಹೇಳಿಲ್ಲ. ಅಮ್ಮನಿಗಿಲ್ಲ, ನನ್ನ ಹೆಂಡತಿಗಿಲ್ಲ. ಮರುವರ್ಷ ಅಪ್ಪನಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಅದು ಯಕೃತ್ತಿಗೆ ಹೋಗಿ ಆಗಿತ್ತು. "ಛೇ, ಮೊದಲೇ ಗೊತ್ತಾಗಿದ್ದರೆ" ಅಂತ ಎಲ್ಲರೂ ಅಂದರು, ನಾನೂ ಅಂದೆ. ನೀನು ಸ್ಮಶಾನದಲ್ಲಿ ನನ್ನ ಹೆಗಲ ಮೇಲೆ ಕೈ ಇಟ್ಟು, "ನಿನ್ನ ಕೈಲಿ ಏನಿತ್ತು ಹೇಳು" ಅಂದಿದ್ದೆ. ಆಗ ಹೇಳಬೇಕಿತ್ತು. ನಾಚಿಕೆ ಆಗಿತ್ತು, ಅಪ್ಪನ ಬಗ್ಗೆ ಅಲ್ಲ, ಆ ಬಾಗಿಲು ಹಾಕಿದ್ದರ ಬಗ್ಗೆ. ಈಗ ನಿನ್ನ ಫೋನು ಬಂದಾಗ "ಎಳನೀರು ಕುಡಿ" ಅಂದೆನಲ್ಲ, ಮತ್ತೆ ಅದೇ ಬಾಗಿಲು ಹಾಕಿದೆ.

ಮುಲಾಮು ಕೊಟ್ಟವರಿಗೆ ನಾನು ಹೇಳದೆ ಬಿಟ್ಟ ಮಾತು ಇದೇ, ಅಪ್ಪನದು. ಹೇಳಿದ್ದರೆ ಅವರೂ ಬೇರೆ ರೀತಿ ಯೋಚಿಸುತ್ತಿದ್ದರೋ ಏನೋ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದು ಬಂದಿದ್ದರೆ ನಾವು 40ಕ್ಕೆ, ಅಥವಾ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗ ಬರುತ್ತದೋ ಆಗ ಪರೀಕ್ಷೆ ಮಾಡಿಸಬೇಕು. ಅಪ್ಪನಿಗೆ ಗೊತ್ತಾದಾಗ 57. ನನಗೆ ಈಗ 48. ಎಂಟು ವರ್ಷ ತಡ. ಮನೆಯಲ್ಲಿ ಯಾರಿಗೂ ಇಲ್ಲದವರಿಗೂ 45ರಿಂದ ಶುರು ಮಾಡಿ ಅಂತ ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಹೇಳಿದೆ, ಮೊದಲು 50 ಇತ್ತು. ಅದು ಏನೂ ತೊಂದರೆ ಇಲ್ಲದವರಿಗೆ. ರಕ್ತ ಕಂಡವರು ವಯಸ್ಸು ಎಣಿಸುತ್ತಾ ಕೂರುವ ಹಾಗಿಲ್ಲ.

ಪರೀಕ್ಷೆಯದ್ದು ಹೇಳಲಿಕ್ಕೆ ಹೆಚ್ಚೇನಿಲ್ಲ. ಹಿಂದೆ ತೆರೆದಿರುವ ಗೌನು ಹಾಕಿಸುತ್ತಾರೆ, ಕೈಗೆ ಸೂಜಿ ಚುಚ್ಚಿ ಇಡುತ್ತಾರೆ. ಎಡಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಮಲಗಬೇಕು. ನಾನು ಗೌನಿನ ಹಿಂಬದಿ ಹಿಡಿದುಕೊಂಡೇ ಮಂಚ ಹತ್ತಿದ್ದು ನೋಡಿ ಸಿಸ್ಟರು ತುಳುವಿನಲ್ಲಿ, ನಾಚಿಕೆ ಬೇಡ ಅಣ್ಣ, ಇವತ್ತು ನೀವು ಆರನೆಯವರು ಅಂದರು. ಎಷ್ಟು ಸಮಾಧಾನ ಆಯಿತು ಗೊತ್ತುಂಟಾ, ಐದು ಜನ ಆಗಲೇ ಹೀಗೆ ಮಲಗಿ ಎದ್ದು ಹೋಗಿದ್ದಾರೆ! ಹಾಲಿನ ಬಣ್ಣದ ಮದ್ದು ಹೋಗುವಾಗ ಕೈ ಸ್ವಲ್ಪ ಉರಿಯಿತು. ಮತ್ತೆ ಕಣ್ಣು ಬಿಟ್ಟಾಗ ಬೇರೆ ಕೋಣೆ. ಅರ್ಧ ಗಂಟೆ ಕಳೆದಿತ್ತು. ಬೆರಳು ದಪ್ಪದ ಕೊಳವೆ ಸುಮಾರು ಐದಡಿ ದೊಡ್ಡಕರುಳನ್ನು ಪೂರ್ತಿ ನೋಡಿ ಬಂದದ್ದು ನನಗೆ ತಿಳಿಯಲೇ ಇಲ್ಲ. ಕರುಳು ಹಿಗ್ಗಿಸಲು ಗಾಳಿ ತುಂಬಿರುತ್ತಾರೆ, ಅದು ಹೊರಗೆ ಹೋಗುವ ತನಕ ಹೊಟ್ಟೆ ಬಿಗಿಯುತ್ತದೆ. ಬಿಟ್ಟುಬಿಡು, ಅಲ್ಲಿ ಎಲ್ಲರೂ ಬಿಡುತ್ತಾರೆ. ಜೊತೆಗೆ ಒಬ್ಬರು ಇರಲೇಬೇಕು, ಅವತ್ತು ಗಾಡಿ ಓಡಿಸುವ ಹಾಗಿಲ್ಲ.

ಎರಡು ಗಂಟು ಸಿಕ್ಕಿತು. ಒಂದು ಗೋಧಿಕಾಳಿನಷ್ಟು. ಇನ್ನೊಂದು 18 ಮಿಲಿಮೀಟರ್, ಫೋಟೋದಲ್ಲಿ ತೋರಿಸಿದರು. ಮಳೆಗೆ ಮರದ ಬುಡದಲ್ಲಿ ಏಳುವ ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿತ್ತು. ತಂತಿಯ ಕುಣಿಕೆ ಹಾಕಿ, ಕರೆಂಟು ಕೊಟ್ಟು, ಅಲ್ಲೇ ಕತ್ತರಿಸಿ ತೆಗೆದರು. ಅದೇ ಕೊಳವೆಯಲ್ಲಿ, ಅದೇ ಹೊತ್ತಿಗೆ, ಹೊಟ್ಟೆ ಕೊಯ್ಯದೆ. ಎರಡು ವಾರ ರಕ್ತ ಬರುತ್ತದೋ ನೋಡಿಕೊಳ್ಳಿ, ಜೋರು ಹೊಟ್ಟೆನೋವೋ ಜ್ವರವೋ ಬಂದರೆ ಆ ಕ್ಷಣ ಬನ್ನಿ ಅಂದರು. ಕರುಳಿಗೆ ತೂತಾಗುವುದು ಬಹಳ ಅಪರೂಪ, ಆದರೂ ಹೇಳಿಯೇ ಸಹಿ ಹಾಕಿಸಿಕೊಳ್ಳುತ್ತಾರೆ. ಏನೂ ಬರಲಿಲ್ಲ. ಬಯಾಪ್ಸಿಯ ವರದಿ ಮೊನ್ನೆ ಕೈಗೆ ಸಿಕ್ಕಿತು: ಅಡಿನೋಮಾ. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದದ್ದು. ಇಂಥವು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷವೇ ಹಿಡಿಯುತ್ತದಂತೆ. ಮೂರು ವರ್ಷಕ್ಕೆ ಮತ್ತೆ ನೋಡಬೇಕು.

ಆ ಫೋಟೋ ನನ್ನ ಮೇಜಿನಲ್ಲೇ ಉಂಟು. ಅಪ್ಪನ ಒಳಗೂ ಒಂದು ಕಾಲಕ್ಕೆ ಇದು ಇಷ್ಟೇ ಇದ್ದಿರಬೇಕು.

ಸಾಕು, ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ನಿನಗೆ ಬರೀ ಮೂಲವ್ಯಾಧಿಯೇ ಇರಬಹುದು, ಇರಲಿ ಅಂತಲೇ ನನ್ನ ಆಸೆ. ಬುಧವಾರ ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಕಟಪಾಡಿಗೆ ಬರ್ತೇನೆ. ನಿನ್ನ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಡು, ಉಡುಪಿಗಾದರೆ ಉಡುಪಿ, ಮಣಿಪಾಲಕ್ಕಾದರೆ ಮಣಿಪಾಲ, ಒಟ್ಟಿಗೆ ಹೋಗುವ. ಪರೀಕ್ಷೆಯ ದಿನ ಹೊರಗಿನ ಬೆಂಚಿನಲ್ಲಿ ನಿನ್ನ ಚಪ್ಪಲಿ, ಕನ್ನಡಕ ಹಿಡಿದುಕೊಂಡು ನಾನೇ ಕೂರ್ತೇನೆ. ಮುಗಿದ ಮೇಲೆ ಬನ್ಸ್ ನನ್ನ ಲೆಕ್ಕದಲ್ಲಿ. ನಾಲ್ಕನೆಯದ್ದು ಮಾತ್ರ ನಿನ್ನದು, ಯಾಕೆ ಅಂತ ನಿನಗೆ ಗೊತ್ತುಂಟು.

ನಿನ್ನ
ಮೂರನೇ ಬೆಂಚು