ಮಳೆಗೆ ರಜೆ ಕೊಡ್ತೀರಿ, ಮಳೆ ಅಳೆಯೋದನ್ನೂ ಕಲಿಸಿ

ಕೊಡಗಿನ ಇಬ್ಬರು ಶಾಸಕರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಾಲೆಗೆ ರಜೆ ಅಂತ ಮೆಸೇಜ್ ಬಂದ ಒಂದು ಬೆಳಿಗ್ಗೆ, ಏಳನೇ ಕ್ಲಾಸಿನ ನನ್ನ ಮಗಳು ಕೊಡೆ ಹಿಡಿದು ನನ್ನ ಹಿಂದೆ ಕಾಫಿ ಕಣಕ್ಕೆ ಬಂದಳು. ಮಳೆಮಾಪಕದ ನೀರನ್ನು ಒಂದಿಂಚಿನ ಗ್ಲಾಸಿಗೆ ಬಗ್ಗಿಸಿದೆ. ನಾಲ್ಕು ಸಲ ತುಂಬಿತು, ಐದನೇ ಸಲ ತಳದಲ್ಲಿ ಚೂರು. ನಾಲ್ಕು ಇಂಚು ಹತ್ತು ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು).

"ಇಂಚು ಅಂದ್ರೆ ಉದ್ದ ಅಲ್ವಾ ಅಪ್ಪ, ಮಳೆಗೆ ಹೇಗೆ ಇಂಚು?"

ಈ ಕಣದ ನೀರು ಎಲ್ಲೂ ಹರಿದು ಹೋಗದೆ, ಇಂಗದೆ ನಿಂತರೆ ಅಷ್ಟು ಎತ್ತರ ನಿಲ್ಲುತ್ತೆ ಅಂದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಅಂತಲೂ ಹೇಳಿದೆ. ಅವಳು ಅಲ್ಲೇ ಲೆಕ್ಕ ಹಾಕಿದಳು. ನೂರು ಚದರ ಮೀಟರ್ ಮಾಡಿನ ಮೇಲೆ ನಾಲ್ಕು ಇಂಚು ಬಿದ್ದರೆ ಹತ್ತು ಸಾವಿರ ಲೀಟರ್! ಹಾಗಾದ್ರೆ ಬೇಸಿಗೆಯಲ್ಲಿ ನಮ್ಮ ಶಾಲೆ ನಲ್ಲಿ ಯಾಕೆ ಖಾಲಿ ಅಂತ ಕೇಳಿದಳು. ನಾನು ಸುಮ್ನೆ ನಿಂತೆ. ಇದೇ ಹುಡುಗಿ ಪರೀಕ್ಷೆಗೆ ಹವಾಮಾನ ಬದಲಾವಣೆ ಬಗ್ಗೆ ಐದು ಪಾಯಿಂಟ್ ಬಾಯಿಪಾಠ ಮಾಡಿದ್ದಳು.

ನಾನು ಕೇಳೋದು ದೊಡ್ಡದೇನಲ್ಲ. ಪ್ರತಿ ಸರ್ಕಾರಿ ಶಾಲೆಗೂ ಒಂದು ಮಳೆಮಾಪಕ, ಒಂದು ಪುಸ್ತಕ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ, ಒಂದು ಸ್ಕೇಲ್ ಇದ್ದರೂ ನಡೆಯುತ್ತೆ. 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಮಟ್ಟದ ಮಳೆ ಅನ್ನುತ್ತೆ. ನಮ್ಮ ಲೆಕ್ಕದಲ್ಲಿ ಎಂಟು ಇಂಚು. ಅದು ಎಷ್ಟು ನೀರು ಅಂತ ಮಕ್ಕಳು ಕಣ್ಣಾರೆ ನೋಡಲಿ.

ಇನ್ನೊಂದು, ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ ಶನಿವಾರ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲಿ. ಮಳೆಗಾಲದಲ್ಲಿ ಬೆಟ್ಟ ಹತ್ತಿಸಿ ಅಂತ ಹೇಳ್ತಿಲ್ಲ, ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದ ಮೇಲೆ ಸಾಕು. ಜಿಲ್ಲೆಯಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ, ಹತ್ತಿರದ್ದೊಂದಕ್ಕೆ ಹೋಗಿ ಒಳಗಿನ ಮಣ್ಣನ್ನೂ ಪಕ್ಕದ ತೋಟದ ಮಣ್ಣನ್ನೂ ಕೈಯಲ್ಲಿ ಹಿಡಿದು ನೋಡಲಿ. ನಮ್ಮಲ್ಲಿ ಬೆಟ್ಟ ಜಾರಿದ್ದು ಒಂದು ಸಲ ಅಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ಬ್ರಹ್ಮಗಿರಿ. ಈಗಿನ ಏಳನೇ ಕ್ಲಾಸಿನವರಿಗೆ 2018 ನೆನಪೇ ಇಲ್ಲ, ಆಗ ಅವರು ಅಂಗನವಾಡಿ ಮಕ್ಕಳು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ ನೀರು, ಇವೆಲ್ಲ ಬೆಟ್ಟ ಜಾರುವ ಮುನ್ನ ಕಾಣಬಹುದಾದ ಗುರುತುಗಳು ಅಂತ ಅವರಿಗೆ ಯಾರು ತೋರಿಸಬೇಕು?

ಮೇಷ್ಟ್ರುಗಳನ್ನು ಕೇಳಿದರೆ ಹೆದರುತ್ತಾರೆ. ಆನೆ ಬಂದರೆ, ಮಗು ಬಿದ್ದರೆ ನಮ್ಮ ತಲೆಗೇ ಬರುತ್ತೆ ಅಂತಾರೆ. ತಪ್ಪಲ್ಲ. (ಜಿಗಣೆಗೆ ಯಾರೂ ಹೆದರಲ್ಲ ಬಿಡಿ.) ಬರವಣಿಗೆಯಲ್ಲಿ ಆದೇಶ ಕೊಡಿಸಿ, ಅರಣ್ಯ ಇಲಾಖೆಯ ಒಬ್ಬರನ್ನು ಜೊತೆಗೆ ಕಳಿಸಿ. ಆಗ ಅವರು ಬರುತ್ತಾರೆ.

ಮಳೆ ಲೆಕ್ಕ ಬರೆಯೋದು ಹೇಗೆ ಅಂತ ತೋರಿಸೋಕೆ ನಮ್ಮಪ್ಪನ ಹಳೇ ಪುಸ್ತಕ ಇದೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ತಾರೀಖಿನ ಸಮೇತ. ಬೇಕಾದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಒಂದೆರಡು ಪುಟ ಗೆದ್ದಲು ತಿಂದಿದೆ, ಅಷ್ಟೆ.

ಇಂತಿ,
ಮಾದಾಪುರ ಕಡೆಯ ಒಬ್ಬ ಬೆಳೆಗಾರ